ಕಾಳಿನೊಳಗಿನ ಸಸ್ಯಸತ್ವಗಳು: ತಟ್ಟೆಯ ಕಬ್ಬಿಣ ಮೈಗೆ ಸೇರಬೇಕಾದರೆ

ಕಳೆದ ಚಳಿಗಾಲದಲ್ಲಿ ಜೇವರ್ಗಿ ತಾಲ್ಲೂಕಿನ ಕೊಳಕೂರಿಗೆ ಖಾಲಾ ಮನೆಗೆ ಹೋಗಿದ್ದೆ. ಹಿಂಗಾರಿ ಜೋಳ ಹಾಲುಗಾಳಾಗಿ ನಿಂತಿದ್ದ ಸಮಯ. ಪಿಯುಸಿ ಓದುವ ಅವರ ಮಗಳು ಮೂಲೆಯಲ್ಲಿ ಮಂಕಾಗಿ ಕುಳಿತಿದ್ದಳು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕೂತರೆ ತಲೆ ಸುತ್ತು. ಅಡುಗೆಮನೆಗೆ ಹೋದಾಗಲೆಲ್ಲ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ ಬೇರೆ. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಗ್ರಾಂ ಎಂದು ಬಂದಿತ್ತು. ಹೆಣ್ಣುಮಕ್ಕಳಲ್ಲಿ ಅದು 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತಾರೆ.

"ರೊಟ್ಟಿ ತಿಂತಾಳ, ಬ್ಯಾಳಿ ತಿಂತಾಳ, ಪುಂಡಿಪಲ್ಯ ತಿಂತಾಳ. ಆದ್ರೂ ಮೈಯಾಗ ರಕ್ತ ಯಾಕ ಇಲ್ಲ ಬೇಟಾ?" ಎಂದು ಖಾಲಾ ಕೇಳಿದರು. ಆಮೇಲೆ ಕಪಾಟಿನಿಂದ ಒಂದು ಪೊಟ್ಟಣ ತೆಗೆದು ತೋರಿಸಿದರು. ಅದು ಬಕ್‌ವೀಟ್ ಹಿಟ್ಟು. ಮೊಬೈಲಿನಲ್ಲಿ ಬಂದ ವಿಡಿಯೋ ನೋಡಿ ಕಲಬುರಗಿಯಿಂದ ತರಿಸಿದ್ದರಂತೆ. ನೈಸರ್ಗಿಕ ಸಸ್ಯಸತ್ವಗಳು ತುಂಬಿವೆ, ರಕ್ತ ಹೆಚ್ಚುತ್ತದೆ, ಸಕ್ಕರೆ ಇಳಿಯುತ್ತದೆ ಎಂದು ವಿಡಿಯೋದಲ್ಲಿ ಹೇಳಿದ್ದರು. ಬೆಲೆ ನೋಡಿದರೆ ಅದೇ ಹಣಕ್ಕೆ ಒಂದು ಚೀಲದ ತಳ ತುಂಬುವಷ್ಟು ಜೋಳ ಬರುತ್ತಿತ್ತು.

ಖಾಲಾ ಕೇಳಿದ ಪ್ರಶ್ನೆ ನಮ್ಮ ಅನೇಕ ಮನೆಗಳ ಪ್ರಶ್ನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ. 65.5. ಇವರೆಲ್ಲ ಹೊಟ್ಟೆಗಿಲ್ಲದವರಲ್ಲ. ಬಹಳಷ್ಟು ಜನ ಮೂರು ಹೊತ್ತು ಉಣ್ಣುವವರೇ. ಹಾಗಾದರೆ ತಟ್ಟೆಯಲ್ಲಿರುವ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಕಾಳಿನೊಳಗಿನ ಸಸ್ಯಸತ್ವಗಳಲ್ಲೇ ಇದೆ. ವಿಡಿಯೋದವರು ಹೊಗಳಿದ್ದೂ ಅವುಗಳನ್ನೇ.

ಕುಟ್ಟು ಎಂದರೇನು?

ಬಕ್‌ವೀಟ್ ಎಂಬ ಹೆಸರಿನಲ್ಲಿ 'ವೀಟ್' ಇದ್ದರೂ ಅದು ಗೋಧಿಯಲ್ಲ. ಗೋಧಿ, ಜೋಳ, ಅಕ್ಕಿ ಎಲ್ಲವೂ ಹುಲ್ಲಿನ ಜಾತಿಗೆ ಸೇರಿದವು. ಬಕ್‌ವೀಟ್ ಹಾಗಲ್ಲ. ಅದು ನಮ್ಮ ಸಂತೆಯಲ್ಲಿ ಸಿಗುವ ಹುಳಿ ಚುಕ್ಕಾ ಸೊಪ್ಪಿನ ಕುಟುಂಬದ ಗಿಡ. ಮೂರು ಮೂಲೆಯ ಕಂದು ಬೀಜ ಬಿಡುತ್ತದೆ. ನಮ್ಮ ದೇಶದಲ್ಲಿ ಇದು ಹೆಚ್ಚಾಗಿ ಬೆಳೆಯುವುದು ಹಿಮಾಲಯದ ತಪ್ಪಲಿನಲ್ಲಿ. ಉತ್ತರ ಭಾರತದಲ್ಲಿ ಇದಕ್ಕೆ ಕುಟ್ಟು ಎನ್ನುತ್ತಾರೆ. ಅಲ್ಲಿನ ಹಿಂದೂ ಬಾಂಧವರು ನವರಾತ್ರಿಯ ಉಪವಾಸದಲ್ಲಿ ಧಾನ್ಯ ಬಿಟ್ಟು ಕುಟ್ಟುವಿನ ಹಿಟ್ಟಿನಿಂದ ಪೂರಿ ಮಾಡಿ ತಿನ್ನುತ್ತಾರೆ.

ಕುಟ್ಟುವಿನಲ್ಲಿರುವ ಹೆಸರಾಂತ ಸತ್ವ ರೂಟಿನ್. ಎತ್ತರದ ಪ್ರದೇಶದ ಕಡು ಬಿಸಿಲಿನಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡ ಇದನ್ನು ತಯಾರಿಸುತ್ತದೆ. 1940ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕುಟ್ಟುವಿನ ಗಿಡದಿಂದಲೇ ರೂಟಿನ್ ತೆಗೆದರು. ಸಣ್ಣ ರಕ್ತನಾಳಗಳು ದುರ್ಬಲವಾದವರಿಗೆ ಅದನ್ನು ಮಾತ್ರೆಯಾಗಿ ಕೊಟ್ಟು ನೋಡಿದ್ದರು. ಇನ್ನೊಂದು ಸತ್ವ ಕೈರೋ-ಇನೋಸಿಟಾಲ್. 2003ರಲ್ಲಿ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಈ ಸತ್ವವಿರುವ ಕುಟ್ಟುವಿನ ಸಾರವನ್ನು ಮಧುಮೇಹ ಬರಿಸಿದ ಇಲಿಗಳಿಗೆ ಕೊಟ್ಟಾಗ ಅವುಗಳ ರಕ್ತದ ಸಕ್ಕರೆ ಶೇ. 12ರಿಂದ 19ರಷ್ಟು ಇಳಿಯಿತು. ವಿಡಿಯೋಗಳಲ್ಲಿ ಓಡಾಡುತ್ತಿರುವುದು ಇಂಥ ಸುದ್ದಿಗಳೇ. ಆದರೆ ಪ್ರಯೋಗ ನಡೆದದ್ದು ಇಲಿಗಳ ಮೇಲೆ, ಕೊಟ್ಟದ್ದು ಗಟ್ಟಿ ಸಾರ. ಅದನ್ನು ಓದಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಕುಟ್ಟು ತಿನ್ನುವುದು ಅಪಾಯ.

ಇನ್ನು ರಕ್ತದ ವಿಷಯ. ರೂಟಿನ್ ಹೊಸ ರಕ್ತ ಹುಟ್ಟಿಸುವುದಿಲ್ಲ. ರಕ್ತಕ್ಕೆ ಬೇಕಾದದ್ದು ಮುಖ್ಯವಾಗಿ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಮತ್ತು ಪ್ರೋಟೀನ್. ಕುಟ್ಟುವಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಆದರೆ ಜೋಳದ ಕಬ್ಬಿಣಕ್ಕೆ ಇರುವ ತಡೆಯೇ ಕುಟ್ಟುವಿನ ಕಬ್ಬಿಣಕ್ಕೂ ಇದೆ. ಆ ತಡೆ ಯಾವುದೆಂದು ತಿಳಿದರೆ ಪೊಟ್ಟಣಕ್ಕೆ ಹಣ ಸುರಿಯುವ ಅಗತ್ಯ ಬೀಳುವುದಿಲ್ಲ.

ಬೀಜಕ್ಕೆ ಈ ಸತ್ವಗಳು ಏಕೆ ಬೇಕು?

ಬೀಜ ಇರುವುದು ಮೊದಲಿಗೆ ನಮ್ಮ ರೊಟ್ಟಿಗಾಗಿ ಅಲ್ಲ, ಮುಂದಿನ ಗಿಡಕ್ಕಾಗಿ. ಒಣಗಿದ ಕಾಳೊಳಗೆ ಜೀವ ಮಲಗಿರುತ್ತದೆ. ಅದನ್ನು ಸೀಳಿ ಮೊಳಕೆ ಹೊರಡಿಸುವುದನ್ನು ಪವಿತ್ರ ಕುರ್‌ಆನ್ ಅಲ್ಲಾಹನ ಕುರುಹಾಗಿ ನೆನಪಿಸುತ್ತದೆ. ಮೊಳೆಯುವ ದಿನ ಬರುವವರೆಗೆ ಬೀಜ ತನ್ನ ಬುತ್ತಿಯನ್ನು ಕಾಯ್ದುಕೊಳ್ಳಬೇಕು. ಹುಳು, ಬೂಷ್ಟು, ಹಕ್ಕಿಗಳಿಂದ ತಪ್ಪಿಸಿಕೊಳ್ಳಬೇಕು. ಅದಕ್ಕೆ ಎರಡು ಬಗೆಯ ಏರ್ಪಾಡುಗಳಿವೆ.

ಮೊದಲನೆಯದು ಫೈಟಿಕ್ ಆಮ್ಲ. ಇದು ಬೀಜದ ರಂಜಕದ ಉಗ್ರಾಣ. ಕಬ್ಬಿಣ, ಸತು, ಸುಣ್ಣದ ಅಂಶಗಳನ್ನೂ ಇದು ತನ್ನ ಜೊತೆ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ನೀರು ತಾಗಿ ಮೊಳಕೆ ಹೊರಟಾಗ 'ಫೈಟೇಸ್' ಎಂಬ ಕಿಣ್ವ ಎಚ್ಚರಗೊಂಡು ಈ ಕಟ್ಟನ್ನು ಬಿಚ್ಚುತ್ತದೆ. ಆಗ ಸಸಿಗೆ ಆಹಾರ ಸಿಗುತ್ತದೆ.

ಎರಡನೆಯದು ಪಾಲಿಫಿನಾಲ್‌ಗಳು. ರೂಟಿನ್ ಇದೇ ಗುಂಪಿನದು. ಟ್ಯಾನಿನ್ ಕೂಡ ಇದೇ ಗುಂಪಿನದು. ಟ್ಯಾನಿನ್ ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಬಾಳೆಕಾಯಿ, ಅಡಿಕೆ, ಕಡಕ್ ಚಹಾ ಬಾಯಿಗೆ ಹಾಕಿದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಆ ಒಗರೇ ಟ್ಯಾನಿನ್. ಒಗರಾದ ಕಾಳು ಹುಳಕ್ಕೂ ಬೇಡ, ಹಕ್ಕಿಗೂ ಬೇಡ.

ಈ ಎರಡೂ ನಮಗೆ ಶತ್ರುಗಳಲ್ಲ. ಪಾಲಿಫಿನಾಲ್‌ಗಳಿರುವ ಕಾಳು, ಸೊಪ್ಪು, ಹಣ್ಣು ತಿನ್ನುವುದು ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಕಬ್ಬಿಣದ ವಿಷಯದಲ್ಲಿ ಮಾತ್ರ ಇವು ಬೀಗದಂತೆ ಕೆಲಸ ಮಾಡುತ್ತವೆ. ನಮ್ಮ ಕರುಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟು, ರಕ್ತಕ್ಕೆ ಸೇರಲು ಬಿಡದೆ ಹೊರಗೆ ಕಳಿಸಿಬಿಡುತ್ತವೆ.

ನಮ್ಮ ಜೋಳ, ನಮ್ಮ ತೊಗರಿ

ಕೊಳಕೂರಿನ ಹೊಲದಲ್ಲಿ ಆ ದಿನಗಳಲ್ಲಿ ಮಕ್ಕಳು ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸುತ್ತಿದ್ದರು, ಡಬ್ಬಿ ಬಡಿಯುತ್ತಿದ್ದರು. ಹಾಲುಗಾಳಿನ ಜೋಳಕ್ಕೆ ಹಕ್ಕಿಗಳು ಮುಗಿಬೀಳುತ್ತವೆ. ಇದರಲ್ಲೂ ಒಂದು ಪಾಠವಿದೆ. ಆಫ್ರಿಕಾದ ಕೆಲವು ಕಡೆ ಬೆಳೆಯುವ ಕಂದು ಜೋಳದಲ್ಲಿ ಟ್ಯಾನಿನ್ ಹೇರಳ, ಅದು ಒಗರು, ಹಾಗಾಗಿ ಹಕ್ಕಿಯ ಕಾಟ ಕಡಿಮೆ. ನಮ್ಮ ಕಡೆಯ ಮಾಲದಂಡಿಯಂಥ ಮುತ್ತಿನಂಥ ಬಿಳಿ ಜೋಳದಲ್ಲಿ ಆ ಬಗೆಯ ಟ್ಯಾನಿನ್ ಇಲ್ಲವೆಂದೇ ಹೇಳಬೇಕು. ಆದ್ದರಿಂದಲೇ ರೊಟ್ಟಿ ಸಿಹಿ, ಆದ್ದರಿಂದಲೇ ಹಕ್ಕಿ ಕಾಯುವ ಕೆಲಸ. ಅಂದರೆ ಎರಡು ಬೀಗಗಳಲ್ಲಿ ಒಂದು ನಮ್ಮ ಜೋಳಕ್ಕೆ ಇಲ್ಲ. ಇನ್ನೊಂದು, ಫೈಟಿಕ್ ಆಮ್ಲದ ಬೀಗ, ಇದೆ. ಅದು ಹೆಚ್ಚಾಗಿ ಕಾಳಿನ ಮೊಳಕೆಯ ಭಾಗದಲ್ಲೂ ಹೊರಪದರದಲ್ಲೂ ಇರುತ್ತದೆ. ನಾವು ಜೋಳವನ್ನು ಇಡಿಯಾಗಿ ಬೀಸಿ, ಬಿಸಿನೀರು ಹಾಕಿ ನಾದಿ, ಕೂಡಲೇ ಬಡಿದು ರೊಟ್ಟಿ ಮಾಡುತ್ತೇವೆ. ಹಿಟ್ಟು ನೆನೆಯಲು, ಹುಳಿಯಲು ಸಮಯವೇ ಇರುವುದಿಲ್ಲ. ಹಾಗಾಗಿ ಆ ಬೀಗ ಬಹುಪಾಲು ಹಾಗೆಯೇ ಹೊಟ್ಟೆಗೆ ಹೋಗುತ್ತದೆ.

ಹಾಗೆಂದು ರೊಟ್ಟಿಯನ್ನು ದೂರಬೇಡಿ. ಜೋಳದಲ್ಲಿ ನಾರು ಇದೆ, ಫೆರುಲಿಕ್ ಆಮ್ಲದಂಥ ಒಳ್ಳೆಯ ಸತ್ವಗಳಿವೆ. ಕುಟ್ಟುವಿನಂತೆಯೇ ಗ್ಲುಟೆನ್ ಇಲ್ಲ.

ತೊಗರಿಯ ಮಾತು ಬಂದರೆ, ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ತೊಗರಿಯ ಟ್ಯಾನಿನ್ ಹೆಚ್ಚಾಗಿ ಇರುವುದು ಅದರ ಕೆಂಪು ಸಿಪ್ಪೆಯಲ್ಲಿ. ಕಾಳನ್ನು ಒಡೆದು ಬೇಳೆ ಮಾಡಿದಾಗ ಸಿಪ್ಪೆಯ ಜೊತೆ ಅದೂ ಹೋಗುತ್ತದೆ. ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಒಂದಿದೆ, ಅದು ಚೆನ್ನಾಗಿ ಬೇಯಿಸಿದಾಗ ಶಕ್ತಿ ಕಳೆದುಕೊಳ್ಳುತ್ತದೆ. ಬೇಳೆಯನ್ನು ನುಣ್ಣಗೆ ಬೇಯಿಸಬೇಕು ಎಂದು ಹಿರಿಯರು ಹೇಳುವುದು ಬರೀ ರುಚಿಗಲ್ಲ.

ಒಂದು ಸಣ್ಣ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ. ತೊಗರಿ ಬೇಳೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಬ್ಬ ಹುಡುಗಿ ದಿನಕ್ಕೆ 300 ಗ್ರಾಂ ಹಿಟ್ಟಿನ ರೊಟ್ಟಿ, 50 ಗ್ರಾಂ ಬೇಳೆ ತಿಂದಳು ಎಂದುಕೊಳ್ಳೋಣ. ಅವಳ ತಟ್ಟೆಗೆ ಬಂದದ್ದು 14 ಮಿಲಿಗ್ರಾಂ.

ಇದರಲ್ಲಿ ನೂರಕ್ಕೆ ಐದು ಪಾಲು ಮಾತ್ರ ರಕ್ತಕ್ಕೆ ಸೇರಿತು ಎಂದು ಹಿಡಿದರೆ ಸಿಕ್ಕಿದ್ದು 0.7 ಮಿಲಿಗ್ರಾಂ. ನೂರಕ್ಕೆ ಹತ್ತು ಪಾಲು ಸೇರಿದರೆ 1.4 ಮಿಲಿಗ್ರಾಂ. ಮನುಷ್ಯನ ಮೈಯಿಂದ ದಿನಕ್ಕೆ ಸುಮಾರು 1 ಮಿಲಿಗ್ರಾಂ ಕಬ್ಬಿಣ ಹಾಗೆಯೇ ಕಳೆದುಹೋಗುತ್ತದೆ. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಅಂದರೆ ಅದೇ ರೊಟ್ಟಿ, ಅದೇ ಬೇಳೆ ತಿಂದರೂ ಒಂದು ಮನೆಯ ಹುಡುಗಿ ದಿನದಿನಕ್ಕೆ ಸಾಲದಲ್ಲಿ ಬೀಳುತ್ತಾಳೆ, ಇನ್ನೊಂದು ಮನೆಯ ಹುಡುಗಿ ಹೇಗೋ ಸರಿದೂಗಿಸುತ್ತಾಳೆ. ವ್ಯತ್ಯಾಸ ಇರುವುದು ರೊಟ್ಟಿಯ ಜೊತೆಗೆ ಏನು ತಿಂದಳು, ಏನು ಕುಡಿದಳು ಎಂಬುದರಲ್ಲಿ. 16ರಿಂದ 18 ವರ್ಷದ ಹುಡುಗಿಯರಿಗೆ ದಿನಕ್ಕೆ 32 ಮಿಲಿಗ್ರಾಂ, ವಯಸ್ಕ ಮಹಿಳೆಯರಿಗೆ 29 ಮಿಲಿಗ್ರಾಂ ಕಬ್ಬಿಣ ಆಹಾರದಲ್ಲಿರಬೇಕು ಎಂದು 2020ರ ಶಿಫಾರಸು ಹೇಳುತ್ತದೆ. ಇಷ್ಟು ದೊಡ್ಡ ಪ್ರಮಾಣ ಹೇಳಿರುವುದೇ ನಮ್ಮ ಊಟದ ಕಬ್ಬಿಣದಲ್ಲಿ ಸ್ವಲ್ಪ ಪಾಲು ಮಾತ್ರ ಮೈಗೆ ಸೇರುತ್ತದೆ ಎಂಬ ಕಾರಣಕ್ಕೆ.

ಊಟದ ಮೇಲಿನ ಚಹಾ

ಖಾಲಾ ಮನೆಯ ದಿನಚರಿ ನೋಡಿದೆ. ಬೆಳಿಗ್ಗೆ ಹುಡುಗಿ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಕಾಲೇಜಿಗೆ ಹೊರಡುತ್ತಾಳೆ. ಮಧ್ಯಾಹ್ನ ಊಟವಾದ ಕೂಡಲೇ ಮತ್ತೆ ಅರ್ಧ ಕಪ್ಪು. ರಾತ್ರಿ ಊಟದ ಮೇಲೂ ಒಮ್ಮೊಮ್ಮೆ. ಬಿಳಿ ಜೋಳದಲ್ಲಿ ಇಲ್ಲದ ಟ್ಯಾನಿನ್ ಅನ್ನು ನಾವೇ ಕಪ್ಪಿನಲ್ಲಿ ತಂದು ಮೇಲೆ ಸುರಿಯುತ್ತಿದ್ದೇವೆ!

1983ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣದ ಹೀರಿಕೆ ಶೇ. 39ರಷ್ಟು ಕುಸಿಯಿತು. ಚಹಾ ಕುಡಿದಾಗ ಶೇ. 64ರಷ್ಟು ಕುಸಿಯಿತು. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ ನಮಗೆ ಬಹಳ ಉಪಯುಕ್ತ. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಯಾವ ಕುಸಿತವೂ ಇರಲಿಲ್ಲ. ಊಟವಾಗಿ ಒಂದು ಗಂಟೆಯ ಮೇಲೆ ಕುಡಿದರೂ ಜೊತೆಗೆ ಕುಡಿದಷ್ಟೇ ನಷ್ಟವಾಗುತ್ತಿತ್ತು.

ಆದ್ದರಿಂದ ಚಹಾ ಬಿಡಿ ಎನ್ನುವುದಿಲ್ಲ. ಹೊತ್ತು ಬದಲಿಸಿ. ಊಟಕ್ಕೆ ಒಂದು ಗಂಟೆ ಮೊದಲು ಕುಡಿಯಿರಿ, ಇಲ್ಲವೇ ಊಟವಾಗಿ ಎರಡು ಗಂಟೆಯ ನಂತರ ಕುಡಿಯಿರಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಚಿಕ್ಕ ಮಕ್ಕಳಿಗೆ ಮಾತ್ರ ಚಹಾ ಬೇಡವೇ ಬೇಡ.

ಬೀಗ ತೆರೆಯುವ ಕೀಲಿಗಳು

ನೆನೆಹಾಕುವುದು ಮತ್ತು ಮೊಳಕೆ ಬರಿಸುವುದು: ಹೆಸರು, ಮಡಕಿ, ಕಡಲೆ ಕಾಳುಗಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿರಿ. ಫೈಟೇಸ್ ಎಚ್ಚರಗೊಂಡು ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ, ಟ್ಯಾನಿನ್ ಕೂಡ ಇಳಿಯುತ್ತದೆ. ಜೊತೆಗೆ ವಿಟಮಿನ್ ಸಿ ಹುಟ್ಟುತ್ತದೆ. ಬಟ್ಟೆ ಶುಭ್ರವಾಗಿರಲಿ. ಮೊಳಕೆ ಬರುವ ಬೆಚ್ಚನೆಯ ತೇವದಲ್ಲಿ ರೋಗಾಣುಗಳೂ ಬೆಳೆಯುತ್ತವೆ. ಮಕ್ಕಳಿಗೂ ಗರ್ಭಿಣಿಯರಿಗೂ ಮೊಳಕೆಕಾಳನ್ನು ಬೇಯಿಸಿಯೇ ಕೊಡಿ.

ಹುಳಿ ಬರಿಸುವುದು: ಹಿಂದೆ ಮನೆಮನೆಯಲ್ಲಿ ಜೋಳದ ಅಂಬಲಿ ಇರುತ್ತಿತ್ತು. ರಾತ್ರಿಯಿಡೀ ಹುಳಿ ಬಂದ ಹಿಟ್ಟಿನಲ್ಲಿ ಫೈಟಿಕ್ ಆಮ್ಲ ಕರಗುತ್ತದೆ. ಈಗಲೂ ವಾರಕ್ಕೆ ಎರಡು ಮೂರು ದಿನ ಹುಳಿ ಬರಿಸಿದ ಜೋಳದ ಅಂಬಲಿ ಅಥವಾ ಜೋಳ ಬೆರೆಸಿದ ದೋಸೆ ಮಾಡಬಹುದು.

ನಿಂಬೆಹಣ್ಣು: ಇದು ಎಲ್ಲಕ್ಕಿಂತ ಸುಲಭದ ಕೀಲಿ. ವಿಟಮಿನ್ ಸಿ ಕಬ್ಬಿಣವನ್ನು ಕರುಳು ಹೀರುವ ರೂಪದಲ್ಲಿ ಇಡುತ್ತದೆ. ಬೇಳೆ, ಪಲ್ಯ ಒಲೆಯಿಂದ ಇಳಿಸಿದ ಮೇಲೆ, ತಟ್ಟೆಗೆ ಬಡಿಸಿದ ನಂತರ ನಿಂಬೆ ಹಿಂಡಿ. ಕುದಿಯುವಾಗ ಹಾಕಿದರೆ ವಿಟಮಿನ್ ಸಿ ಬಹಳಷ್ಟು ಹಾಳಾಗುತ್ತದೆ. ಪೇರಲ, ಬೆಟ್ಟದ ನೆಲ್ಲಿಕಾಯಿ, ಹಸಿ ಟೊಮೆಟೊ ಇದ್ದರೂ ಆಯಿತು. ಆದರೆ ಊಟದ ಜೊತೆಯಲ್ಲೇ ತಿನ್ನಬೇಕು. ಸಂಜೆ ಪೇರಲ ತಿಂದರೆ ಮಧ್ಯಾಹ್ನದ ರೊಟ್ಟಿಗೆ ಉಪಯೋಗವಿಲ್ಲ.

ಉಳ್ಳಾಗಡ್ಡಿ, ಬಳ್ಳೊಳ್ಳಿ: ರೊಟ್ಟಿಯ ಜೊತೆ ಉಳ್ಳಾಗಡ್ಡಿ ಕಚ್ಚಿ ತಿನ್ನುವುದು ನಮ್ಮ ಕಡೆಯ ಬಡವರ ಊಟ ಎನ್ನುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಧಾನ್ಯ ಮತ್ತು ಬೇಳೆಕಾಳುಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಅವುಗಳ ಕಬ್ಬಿಣ ಮತ್ತು ಸತು ಹೆಚ್ಚು ಬಿಡುಗಡೆಯಾಗುವುದು ಕಂಡುಬಂತು. ಹಸಿಯಾಗಿದ್ದರೂ ಬೇಯಿಸಿದರೂ ಈ ಗುಣ ಇತ್ತು. ಇದು ಹೊಟ್ಟೆಯ ಜೀರ್ಣಕ್ರಿಯೆಯನ್ನು ಪ್ರಯೋಗಾಲಯದಲ್ಲಿ ಅನುಕರಿಸಿ ಮಾಡಿದ ಪರೀಕ್ಷೆ. ಆದರೂ ದಾದಿ-ನಾನಿಯರ ಕಾಲದ ರೊಟ್ಟಿ, ಬಳ್ಳೊಳ್ಳಿ ಖಾರ, ಉಳ್ಳಾಗಡ್ಡಿಯ ಜೋಡಿ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಇಷ್ಟು ಸಾಕು. ರೂಟಿನ್‌ನ ಮೂಲದಲ್ಲಿರುವ ಕ್ವೆರ್ಸೆಟಿನ್ ಎಂಬ ಸತ್ವವೂ ಉಳ್ಳಾಗಡ್ಡಿಯಲ್ಲಿ ಧಾರಾಳವಾಗಿದೆ. ಅದಕ್ಕಾಗಿ ಹಿಮಾಲಯದ ಹಿಟ್ಟು ತರಿಸಬೇಕಿಲ್ಲ.

ಕಬ್ಬಿಣದ ಬಾಣಲೆ: ಪುಂಡಿಪಲ್ಯ, ಚುಕ್ಕಾ, ಟೊಮೆಟೊ ಸಾಲನ್‌ನಂಥ ಹುಳಿ ಪದಾರ್ಥಗಳನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಪಾತ್ರೆಯಿಂದ ಸ್ವಲ್ಪ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಅಡುಗೆಯಾದ ಕೂಡಲೇ ಬೇರೆ ಪಾತ್ರೆಗೆ ತೆಗೆದಿಡಿ.

ಮಾಂಸ: ಮಾಂಸದಲ್ಲಿರುವ ಕಬ್ಬಿಣ ಬೇರೆ ರೂಪದಲ್ಲಿರುತ್ತದೆ. ಫೈಟಿಕ್ ಆಮ್ಲ, ಟ್ಯಾನಿನ್‌ಗಳ ಬೀಗ ಅದಕ್ಕೆ ಅಷ್ಟಾಗಿ ಬೀಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಂದೆರಡು ತುಂಡು ಮಾಂಸ ಜೊತೆಗಿದ್ದರೆ ರೊಟ್ಟಿ-ಬೇಳೆಯ ಕಬ್ಬಿಣವೂ ಚೆನ್ನಾಗಿ ಹೀರಿಕೆಯಾಗುತ್ತದೆ. ಇಲ್ಲಿ ನಮ್ಮ ಮನೆಗಳ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ವಾರಕ್ಕೊಮ್ಮೆ ಗೋಷ್ತ್ ತಂದಾಗ ತುಂಡುಗಳು ಮೊದಲು ಗಂಡಸರ ತಟ್ಟೆಗೆ, ಆಮೇಲೆ ಗಂಡುಮಕ್ಕಳ ತಟ್ಟೆಗೆ ಹೋಗುತ್ತವೆ. ಕೊನೆಗೆ ಕೂತು ಉಣ್ಣುವ ತಾಯಿಗೂ ಹೆಣ್ಣುಮಕ್ಕಳಿಗೂ ಉಳಿಯುವುದು ಬರೀ ಸಾಲನ್. ಹೆಚ್ಚು ಕಬ್ಬಿಣ ಬೇಕಾದವರಿಗೆ ಕಡಿಮೆ ಸಿಗುತ್ತಿದೆ. ಮಕ್ಕಳ ನಡುವೆ ನ್ಯಾಯ ಪಾಲಿಸಿರೆಂಬ ಪ್ರವಾದಿಯವರ (ಸ) ಬೋಧನೆ ಊಟದ ದಸ್ತರಖಾನಿಗೂ ಅನ್ವಯಿಸುತ್ತದಲ್ಲವೇ? ತುಂಡು ಎಷ್ಟೇ ಸಣ್ಣದಿರಲಿ, ಲೆಕ್ಕ ಹಾಕಿ ಎಲ್ಲರಿಗೂ ಬಡಿಸಿರಿ.

ಎರಡು ಎಚ್ಚರಿಕೆ

ಮೊಳಕೆ ಒಳ್ಳೆಯದೆಂದು ಜೋಳವನ್ನು ಮೊಳಕೆ ಬರಿಸಿ ಹಸಿಯಾಗಿ ತಿನ್ನಬೇಡಿ. ಎಳೆ ಜೋಳದ ಗಿಡದಲ್ಲಿ 'ಧುರಿನ್' ಎಂಬ ಸತ್ವವಿರುತ್ತದೆ. ಅದು ಒಡೆದಾಗ ಸೈನೈಡ್ ವಿಷ ಹೊರಬರುತ್ತದೆ. ಎಳೆ ಜೋಳ, ಕೂಳೆ ಒಡೆದ ಜೋಳ ಮೇಯ್ದು ದನ ಸಾಯುವುದನ್ನು ನಮ್ಮ ರೈತರು ಬಲ್ಲರು. ಜೋಳದ ಮೊಳಕೆಯಲ್ಲೂ ಅದೇ ವಿಷ ಇರುತ್ತದೆ. ಬಲಿತ ಒಣ ಕಾಳಿಗೆ ಈ ಭಯವಿಲ್ಲ. ಆದ್ದರಿಂದ ಮೊಳಕೆ ಹೆಸರು-ಮಡಕಿಗೆ ಇರಲಿ, ಜೋಳಕ್ಕೆ ಬೇಡ. ಅಗಸಿಯಲ್ಲೂ ಇಂಥದೇ ಸತ್ವ ಸ್ವಲ್ಪ ಇದೆ. ಅಗಸಿ ಹಿಂಡಿ ಮಾಡುವಾಗ ಹುರಿದು ಕುಟ್ಟುವ ರೂಢಿ ಅದನ್ನು ಕಡಿಮೆ ಮಾಡುತ್ತದೆ. 'ನೈಸರ್ಗಿಕ' ಎಂಬ ಒಂದೇ ಮಾತಿಗೆ ಯಾವುದೂ ನಿರಪಾಯ ಆಗುವುದಿಲ್ಲ.

ಕುಟ್ಟು ಹಿಟ್ಟು ಕೂಡ ಹಾಗೆಯೇ. ಕೆಲವರಿಗೆ ಅದು ತೀವ್ರ ಅಲರ್ಜಿ ತರುತ್ತದೆ. ಹಳೆಯದಾದ ಹಿಟ್ಟು ಬೇಗ ಕೆಡುತ್ತದೆ. ಉಪವಾಸದ ದಿನಗಳಲ್ಲಿ ಕೆಟ್ಟ ಕುಟ್ಟು ಹಿಟ್ಟು ತಿಂದು ಜನ ಆಸ್ಪತ್ರೆ ಸೇರಿದ ಸುದ್ದಿ ಉತ್ತರ ಭಾರತದಿಂದ ಆಗಾಗ ಬರುತ್ತದೆ.

ಆಹಾರದ ಜೊತೆ ಔಷಧಿಯೂ

ಹಿಮೋಗ್ಲೋಬಿನ್ ಒಮ್ಮೆ ಕುಸಿದ ಮೇಲೆ ಬರೀ ಊಟದಿಂದ ಅದನ್ನು ಬೇಗ ಏರಿಸಲಾಗದು. ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣ ತಿನ್ನುವ ಚಟ ಕಬ್ಬಿಣದ ಕೊರತೆಯ ಗುರುತಾಗಿರಬಹುದು. ಹೊಡೆದು ಬಡಿದು ಬಿಡಿಸುವ ಬದಲು ರಕ್ತ ಪರೀಕ್ಷೆ ಮಾಡಿಸಿ. 2018ರಲ್ಲಿ ಆರಂಭವಾದ 'ಅನೀಮಿಯಾ ಮುಕ್ತ ಭಾರತ' ಯೋಜನೆಯಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ ಉಚಿತವಾಗಿ ಸಿಗುತ್ತದೆ. ಪ್ರತಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಈಗಾಗಲೇ ರಕ್ತಹೀನತೆ ಇರುವವರಿಗೆ ಎಷ್ಟು ಮಾತ್ರೆ, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಮಾತ್ರೆಯನ್ನು ಹಾಲು, ಚಹಾ, ಸುಣ್ಣದ (ಕ್ಯಾಲ್ಸಿಯಂ) ಮಾತ್ರೆಯ ಜೊತೆ ನುಂಗಬೇಡಿ. ನಿಂಬೆ ನೀರಿನ ಜೊತೆ ನುಂಗಿ. ಮಲ ಕಪ್ಪಾದರೆ ಹೆದರಬೇಡಿ.

ಹೊಟ್ಟೆಯಲ್ಲಿ ಕೊಕ್ಕೆಹುಳು ಇದ್ದರೆ ಎಷ್ಟು ತಿಂದರೂ ರಕ್ತ ಸೋರುತ್ತಲೇ ಇರುತ್ತದೆ. ಅದರ ಮರಿ ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ. ಬಯಲಿಗೆ ಹೋಗುವ ರೂಢಿ ಬಿಡಿ, ಹೊಲಕ್ಕೆ ಹೋಗುವಾಗ ಚಪ್ಪಲಿ ಹಾಕಿ. ಹುಳುವಿನ ಮಾತ್ರೆಯನ್ನು ಶಾಲೆ, ಅಂಗನವಾಡಿಗಳಲ್ಲಿ ಕೊಡುವಾಗ ತಪ್ಪಿಸಬೇಡಿ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ನಾಚಿಕೆ ಬಿಟ್ಟು ವೈದ್ಯರಿಗೆ ಹೇಳಿ.

ರಮಝಾನಿನಲ್ಲಿ

ರಮಝಾನಿನಲ್ಲಿ ಊಟ ಎರಡೇ ಹೊತ್ತು. ಆ ಎರಡೂ ಹೊತ್ತಿನ ಊಟಕ್ಕೆ ಚಹಾ ಅಂಟಿಕೊಂಡಿದ್ದರೆ ಇಡೀ ದಿನದ ಕಬ್ಬಿಣ ಕೈತಪ್ಪುತ್ತದೆ. ಸಹರಿಯ ಚಹಾವನ್ನು ಎದ್ದ ಕೂಡಲೇ, ಅಡುಗೆ ಶುರುಮಾಡುವಾಗಲೇ ಕುಡಿದುಬಿಡಿ. ಇಫ್ತಾರಿನ ಚಹಾವನ್ನು ತರಾವೀಹ್ ನಂತರಕ್ಕೆ ಇಟ್ಟುಕೊಳ್ಳಿ. ಇಫ್ತಾರಿನಲ್ಲಿ ನಿಂಬೆ ಶರಬತ್ತು, ಪೇರಲ, ಬೇಯಿಸಿದ ಕಡಲೆಗೆ ಹೆಚ್ಚಿದ ಉಳ್ಳಾಗಡ್ಡಿ ಇರಲಿ. ಖರ್ಜೂರ ಸುನ್ನತ್, ದಣಿವು ತಣಿಸುತ್ತದೆ. ಆದರೆ ರಕ್ತಹೀನತೆಗೆ ಖರ್ಜೂರವೊಂದೇ ಔಷಧಿಯಲ್ಲ. ಕಬ್ಬಿಣದ ಮಾತ್ರೆಯನ್ನು ರಮಝಾನಿನಲ್ಲಿ ನಿಲ್ಲಿಸಬೇಡಿ. ಚಹಾ ಮತ್ತು ಮಾತ್ರೆಯ ನಡುವೆ ಎರಡು ಗಂಟೆಯ ಅಂತರವಿಟ್ಟು ರಾತ್ರಿ ನುಂಗಿ.

ಇನ್ನೊಂದು ಮಾತು ತಾಯಂದಿರಿಗೆ. ಮುಟ್ಟಿನ ದಿನಗಳಲ್ಲಿ ಉಪವಾಸವಿಲ್ಲ. ಆದರೆ ಅಣ್ಣತಮ್ಮಂದಿರಿಗೆ ಗೊತ್ತಾದೀತೆಂಬ ನಾಚಿಕೆಯಿಂದ ನಮ್ಮ ಹುಡುಗಿಯರು ಆ ದಿನಗಳಲ್ಲೂ ಏನೂ ತಿನ್ನದೆ ಇರುತ್ತಾರೆ. ರಕ್ತ ಹೋಗುವ ದಿನಗಳಲ್ಲೇ ಹೊಟ್ಟೆಗೂ ಇಲ್ಲವೆಂದರೆ ಹೇಗೆ? ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ನಾಚಿಕೆಯ ಹೆಸರಿನಲ್ಲಿ ಕಿತ್ತುಕೊಳ್ಳಬಾರದು. ಮರೆಯಲ್ಲಿ ಅವಳಿಗೊಂದು ತಟ್ಟೆ ಊಟ ತೆಗೆದಿಡುವುದು ತಾಯಿಯ ಹೊಣೆ.

ನೆನಪಿಡಿ

ಊಟಕ್ಕೂ ಚಹಾಕ್ಕೂ ಅಂತರವಿರಲಿ. ತಟ್ಟೆಗೆ ನಿಂಬೆ, ಪಕ್ಕಕ್ಕೆ ಉಳ್ಳಾಗಡ್ಡಿ ಇರಲಿ. ಕಾಳು ನೆನೆಸಿ, ಮೊಳಕೆ ಬರಿಸಿ, ಬೇಯಿಸಿ; ಜೋಳಕ್ಕೆ ಮಾತ್ರ ಮೊಳಕೆ ಬೇಡ. ಮಾಂಸದಲ್ಲಿ ಹೆಣ್ಣುಮಕ್ಕಳ ಪಾಲು ತಪ್ಪದಿರಲಿ. ದಣಿವು, ಏದುಸಿರು ಕಂಡರೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿಸಿ.

ಖಾಲಾ ಮಗಳು ವೈದ್ಯರು ಹೇಳಿದಂತೆ ಮಾತ್ರೆ ನುಂಗಿದಳು, ಬೆಳಗಿನ ಚಹಾವನ್ನು ಫಜ್ರ್ ನಮಾಝಿನ ಹೊತ್ತಿಗೆ ಸರಿಸಿದಳು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 11.1 ಬಂತು. ಇನ್ನೂ 12 ಆಗಿಲ್ಲ, ಮಾತ್ರೆ ಮುಂದುವರಿದಿದೆ. ಹಸಿ ಅಕ್ಕಿಯ ಚಟ ತಾನಾಗಿಯೇ ಬಿಟ್ಟಿತು. "ಆ ಕುಟ್ಟು ಹಿಟ್ಟು ಏನಾಯ್ತು ಖಾಲಾ?" ಎಂದು ಫೋನಿನಲ್ಲಿ ಕೇಳಿದೆ. "ರೊಟ್ಟಿ ಬಡ್ಯಾಕ ಬರಲಿಲ್ಲ ಬೇಟಾ, ಹರೀತದ. ಮುಂದ ತರಸೂದಿಲ್ಲ" ಎಂದು ನಕ್ಕರು.

ನಮ್ಮ ದೇಹ ಅಲ್ಲಾಹನ ಅಮಾನತ್ತು. ಅವನು ನಮ್ಮ ಹೊಲದಲ್ಲೇ ಕೊಟ್ಟಿರುವ ಕಾಳಿನ ಒಳಿತನ್ನು ಅರಿತು ಉಣ್ಣುವ ತಿಳಿವಳಿಕೆಯನ್ನೂ, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಆರೋಗ್ಯವನ್ನೂ ಅವನು ಕರುಣಿಸಲಿ. ಆಮೀನ್.